ಬೊಂಡ ಕಚ್ಚಲು ಶುರು ಮಾಡಿದಾಗ

ಬೊಂಡ ನಮ್ಮನೆಗೆ ಬಂದಾಗ 3 ತಿಂಗಳ ಮರಿ. ಗ್ರೀನ್ ಚೀಕ್ ಕಾನ್ಯೂರ್ ಅನ್ನುವ ಪುಟ್ಟ ವಿದೇಶಿ ಗಿಳಿ ಜಾತಿ. ಗಂಡೋ ಹೆಣ್ಣೋ ಡಿಎನ್ಎ ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ, ನಾವು 'ಅವನು' ಅಂತೀವಿ. (ನಮ್ಮ ನಾಡಿನ ಹಸಿರು ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಕಾನ್ಯೂರ್ ಸಾಕಬಹುದು, ಆದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.) ನಾನು ಬಟ್ಟೆ ಹೊಲಿಯುವಾಗ ಹೆಗಲ ಮೇಲೆ ಕೂತು ಟೇಪಿನ ತುದಿ ಜಗಿಯುತ್ತಿದ್ದ. 9ನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎಂದಿನಂತೆ 'ಬಾರೋ' ಎಂದು ಬೆರಳು ಚಾಚಿದೆ. ಉಗುರಿನ ಬುಡಕ್ಕೇ ಬಾಯಿ ಹಾಕಿದವನು ಬಿಡಲೇ ಇಲ್ಲ. ಗಿರಾಕಿಯ ಕೆನೆಬಣ್ಣದ ಬ್ಲೌಸ್ ಪೀಸಿನ ಮೇಲೆ ರಕ್ತ.

'ಇದ್ದಕ್ಕಿದ್ದಂತೆ ಕಚ್ಚಿತು' ಅಂತ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದೆ. ಆಮೇಲೆ ಕೂತು ಗಮನಿಸಿದರೆ, ಅವನು ಪ್ರತಿ ಸಲವೂ ಮೊದಲೇ ಹೇಳುತ್ತಿದ್ದ. ಕತ್ತಿನ ಹಿಂದಿನ ಪುಕ್ಕ ಏಳುತ್ತದೆ, ಬಾಲ ಬೀಸಣಿಗೆಯಂತೆ ಬಿಚ್ಚುತ್ತದೆ, ಕಣ್ಣಿನ ಪಾಪೆ ಸಣ್ಣದು ದೊಡ್ಡದು ಆಗುತ್ತದೆ, ಮೈ ಬಿಗಿದು ನಿಲ್ಲುತ್ತಾನೆ. ಆಗ ಕೈ ಹಿಂದಕ್ಕೆ ತೆಗೆದುಕೊಂಡರೆ ಅಲ್ಲಿಗೇ ಮುಗಿಯಿತು. ಮರಿಗಳು ಎಲ್ಲವನ್ನೂ ಬಾಯಲ್ಲೇ ಮುಟ್ಟಿ ನೋಡುತ್ತವೆ, ಹತ್ತುವ ಮುಂಚೆ ಕೊಕ್ಕಿನಿಂದ ಬೆರಳು ಗಟ್ಟಿಯಿದೆಯಾ ಅಂತ ಪರೀಕ್ಷಿಸುತ್ತವೆ. ಅದನ್ನು ಕಚ್ಚುವುದು ಅಂದುಕೊಂಡು ಕೈ ಎಳೆದರೆ, ಮುಂದಿನ ಸಲ ಗಟ್ಟಿಯಾಗಿ ಹಿಡಿಯುತ್ತವೆ.

ಮೊದಲು ಡಾಕ್ಟರಿಗೆ ತೋರಿಸಿ, ಅದೂ ಪಕ್ಷಿ ನೋಡಿ ಅಭ್ಯಾಸವಿರುವವರಿಗೆ. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ತೂಕ ಇಳಿಯುವುದು, ಹಿಕ್ಕೆಯ ಬಣ್ಣ ಬದಲಾಗುವುದು, ಪುಕ್ಕ ಉಬ್ಬಿಸಿಕೊಂಡು ಮಂಕಾಗಿ ಕೂರುವುದು ಇದ್ದರೆ ತಡ ಮಾಡಬೇಡಿ. ಹೊಸ ಪುಕ್ಕ ಮೂಡುವಾಗ ಮೊಳಕೆಯಂಥ ಕಡ್ಡಿಗಳು ಏಳುತ್ತವೆ, ಮುಟ್ಟಿದರೆ ನೋವು. ಆ ದಿನಗಳಲ್ಲಿ ಕಚ್ಚಿದರೆ ಅದರ ತಪ್ಪಲ್ಲ.

ಬೊಂಡನಿಗೆ ಕಾಯಿಲೆ ಇರಲಿಲ್ಲ. ಪ್ರಾಯಕ್ಕೆ ಬರುತ್ತಿದ್ದ, ಮಿಕ್ಕಿದ್ದಕ್ಕೆಲ್ಲ ಕಾರಣ ನಾನೇ. ಮದುವೆ ಸೀಸನ್. ರಾತ್ರಿ 11:30ರವರೆಗೆ ಟ್ಯೂಬ್‌ಲೈಟ್ ಹಾಕಿಕೊಂಡು ಹೊಲಿಯುತ್ತಿದ್ದೆ, ಬೆಳಕು ಹರಿದರೆ 6ಕ್ಕೆ ಅವನು ಎದ್ದಿರುತ್ತಿದ್ದ. ಗಿಳಿಗೆ ಕತ್ತಲಲ್ಲಿ 10–12 ಗಂಟೆ ನಿದ್ದೆ ಬೇಕು. ಮಿಷನ್ ಕೆಳಗೆ ಚೂರು ಬಟ್ಟೆಯ ಬುಟ್ಟಿ ಇತ್ತು. ಅವನು ಅದರೊಳಗೆ ನುಸುಳಿ ಕೂರುವುದನ್ನು ನೋಡಿ 'ಎಷ್ಟು ಮುದ್ದು' ಅಂದುಕೊಂಡಿದ್ದೆ. ಈ ಜಾತಿ ಮರದ ಪೊಟರೆಯಲ್ಲಿ ಗೂಡು ಮಾಡುವಂಥದ್ದು. ಕತ್ತಲೆ ಮೂಲೆ ಸಿಕ್ಕರೆ ಅದೇ ಗೂಡು, ನನ್ನ ಕೈಯೇ ಕಳ್ಳ. ಸಾಲದ್ದಕ್ಕೆ ನಾನು ಬೆನ್ನು, ರೆಕ್ಕೆ ಕೆಳಗೆಲ್ಲ ಸವರುತ್ತಿದ್ದೆ. ಅದು ಜೋಡಿ ಹಕ್ಕಿಗಳ ಸಲಿಗೆ. ತಲೆ, ಕತ್ತು ಕೆರೆದರೆ ಸಾಕು.

ಬುಟ್ಟಿ ಅಟ್ಟ ಸೇರಿತು. ಸಂಜೆ 7:30ಕ್ಕೆ ಪಂಜರ ಒಳಗಿನ ರೂಮಿಗೆ ಹೋಯಿತು, ಮೇಲೆ ಹಳೇ ಕಾಟನ್ ಸೀರೆ.

ಕಚ್ಚಿಯೇಬಿಟ್ಟರೆ ಕೂಗಬೇಡಿ. ನಿಮ್ಮ 'ಅಯ್ಯೋ' ಅದಕ್ಕೆ ತಮಾಷೆ. ಕೈ ಕೊಡವಬೇಡಿ, ಮುಖಕ್ಕೆ ಊದಬೇಡಿ, ಕೊಕ್ಕಿಗೆ ಹೊಡೆಯಬೇಡಿ. ಮಾತಿಲ್ಲದೆ ಹತ್ತಿರದ ಕುರ್ಚಿಯ ಬೆನ್ನ ಮೇಲೆ ಬಿಟ್ಟು ಅರ್ಧ ನಿಮಿಷ ಆ ಕಡೆ ತಿರುಗಿ ನಿಲ್ಲಿ. ಪ್ರತಿ ಸಲ ಪಂಜರಕ್ಕೆ ಹಾಕಿದರೆ, ಪಂಜರಕ್ಕೆ ಹೋಗಬೇಕು ಅನಿಸಿದಾಗಲೆಲ್ಲ ಕಚ್ಚಬೇಕು ಎಂದು ಕಲಿಯುತ್ತದೆ. ಗಾಯವನ್ನು ಸೋಪು ನೀರಲ್ಲಿ ತೊಳೆಯಿರಿ. ಪಕ್ಕದ ಮನೆ ಅಜ್ಜಿ 'ಬೆರಳಿಗೆ ಮೆಣಸಿನಪುಡಿ ಹಚ್ಕೊಳೇ' ಅಂದರು. ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದೇ ಇಲ್ಲ. ಬೊಂಡ ನೆಕ್ಕಿ ಇನ್ನೊಂದು ಬೆರಳು ಕೇಳಿದ, ಉರಿದಿದ್ದು ನನ್ನ ಗಾಯ.

ಮತ್ತೆ ಕೈಗೆ ಕರೆಯಲು ನನಗೆ ಕೆಲಸಕ್ಕೆ ಬಂದಿದ್ದು ನವಣೆ ತೆನೆ. ಬೇರೆ ಹೊತ್ತಿನಲ್ಲಿ ಅದನ್ನು ಕೊಡುವುದು ನಿಲ್ಲಿಸಿದೆ. ಬೆಳಿಗ್ಗೆ ಮೂರು ನಿಮಿಷ, ಸಂಜೆ ಮೂರು ನಿಮಿಷ. ಮೊದಲ ವಾರ ಕೈ ಹತ್ತಿರ ಬಂದರೆ ಒಂದು ಕಾಳು, ಅಷ್ಟೇ. ಆಮೇಲೆ ಗೇಣುದ್ದದ ಮರದ ಕೋಲಿನ ಮೇಲೆ ಹತ್ತಿಸಿದೆ. ಕೋಲು ಹಿಡಿದ ಕೈಯನ್ನು ದಿನಕ್ಕೆ ಒಂದು ಬೆರಳಗಲ ಮುಂದೆ ಸರಿಸುತ್ತಾ ಹೋದೆ. ಮೂರನೇ ವಾರ ಕೋಲು ಮುಗಿದು ನನ್ನ ತೋರುಬೆರಳೇ ಕೋಲಾಗಿತ್ತು. ನಡುವೆ ಎಲ್ಲಾದರೂ ಪುಕ್ಕ ಎದ್ದರೆ ಅವತ್ತಿಗೆ ನಿಲ್ಲಿಸುತ್ತಿದ್ದೆ. ಅವನು ಮುಖ ತಿರುಗಿಸಿದರೆ 'ಬೇಡ' ಅಂತ, ಅದಕ್ಕೆ ಬಲವಂತ ಮಾಡುತ್ತಿರಲಿಲ್ಲ. ಹೆಗಲ ಮೇಲೆ ಮಾತ್ರ ಎರಡು ತಿಂಗಳು ಬಿಡಲಿಲ್ಲ. ಅಲ್ಲಿ ಕೂತರೆ ಅವನ ಕಣ್ಣು ನನಗೆ ಕಾಣುವುದಿಲ್ಲ, ಕಿವಿ ಕೊಕ್ಕಿನ ಪಕ್ಕದಲ್ಲೇ.

ನಮ್ಮ ಯಜಮಾನರು ಇದಕ್ಕೆಲ್ಲ ಪುರುಸೊತ್ತಿಲ್ಲ ಅಂತ ಚರ್ಮದ ಗ್ಲೌಸ್ ಹಾಕಿಕೊಂಡು ಒಂದು ವಾರ ಹಿಡಿದು ಹಿಡಿದು ಎತ್ತಿದರು. ಈಗ ಬರಿಗೈ ಚಾಚಿದರೂ ಬೊಂಡ ಪಂಜರದ ಆ ತುದಿಗೆ ಓಡುತ್ತಾನೆ. ಮೊನ್ನೆಯಿಂದ ಅವರೂ ಒಂದು ನವಣೆ ಕಾಳು ಹಿಡಿದು ಕೂರುತ್ತಿದ್ದಾರೆ.