ಮನಾಲಿಯ ಹಿಮದಲ್ಲಿ ಬರೀ ಫೋಟೊ ಹೊಡ್ಕೊಂಡು ಬರ್ಬೇಡಿ, ಸ್ಕೀ ಕಲ್ತ್ಕೊಂಡು ಬನ್ನಿ

ನಮ್ಮ ಕಡೆಯಿಂದ ಜನವರಿಯಲ್ಲಿ ಮನಾಲಿಗೆ ಹೋಗೋರ ಪ್ಲಾನ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಒಂದೇ ದಿನದಲ್ಲಿ ಸೋಲಾಂಗ್ ಕಣಿವೆ, ಅಟಲ್ ಟನಲ್, ಅದರಾಚೆಯ ಸಿಸ್ಸು ಊರು, ಹಿಡಿಂಬಾ ದೇವಸ್ಥಾನ, ಮಾಲ್ ರೋಡ್ ಎಲ್ಲಾ ಮುಗಿಸ್ಬೇಕು. ಆಗೋದೇನು ಅಂದ್ರೆ ಅರ್ಧ ದಿನ ಟ್ಯಾಕ್ಸಿಯಲ್ಲಿ ಜಾಮಲ್ಲಿ ಕೂತಿರ್ತಾರೆ, ಇನ್ನರ್ಧ ದಿನ ಒದ್ದೆ ಸಾಕ್ಸ್ ಹಾಕ್ಕೊಂಡು ನಡುಗ್ತಾ ಫೋಟೊ ತೆಗೆಸ್ಕೊಳ್ತಾರೆ, ಊರಿಗೆ ಬಂದ್ಮೇಲೆ "ಚೆನ್ನಾಗಿತ್ತು ಆದ್ರೆ ತುಂಬಾ ಚಳಿ" ಅಂತಾರೆ. ನಾನು ಹೇಳೋದು ಇಷ್ಟೇ, ಜಾಗ ಕಮ್ಮಿ ಮಾಡಿ, ಸ್ಕೀ ಅಂದ್ರೆ ಕಾಲಿಗೆ ಉದ್ದ ಪಟ್ಟಿ ಹಾಕ್ಕೊಂಡು ಹಿಮದ ಮೇಲೆ ಜಾರೋ ಆಟ, ಅದೊಂದನ್ನ ಸರಿಯಾಗಿ ಕಲೀರಿ, ಮೈ ಒಣಗಿರೋ ಹಾಗೆ ನೋಡ್ಕೊಳ್ಳಿ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಯಾವಾಗ ಹೋಗೋದು

ಮನಾಲಿ ಇರೋದು ಸುಮಾರು 2,050 ಮೀಟರ್ ಎತ್ತರದಲ್ಲಿ, ಡಿಸೆಂಬರಲ್ಲಿ ಊರೊಳಗೇ ಹಿಮ ಬೀಳುತ್ತೆ ಅಂತ ಗ್ಯಾರಂಟಿ ಇಲ್ಲ. ಜನವರಿ ಮಧ್ಯದಿಂದ ಫೆಬ್ರವರಿ ಕೊನೆವರೆಗೆ ಸಿಗೋ ಚಾನ್ಸ್ ಜಾಸ್ತಿ. ಕ್ರಿಸ್‌ಮಸ್‌ನಿಂದ ನ್ಯೂ ಇಯರ್ ತನಕ ದಿಲ್ಲಿ, ಚಂಡೀಗಢದ ಕಾರೆಲ್ಲಾ ಅಲ್ಲೇ ಇರ್ತವೆ, ಬೇರೆ ಟೈಮಲ್ಲಿ ರಜೆ ಸಿಗಲ್ಲ ಅನ್ನೋರು ಬಿಟ್ಟು ಉಳಿದವರು ಆ ವಾರ ತಪ್ಪಿಸಿ. ಇನ್ನೊಂದು, ರೋಹ್ತಾಂಗ್ ಪಾಸ್ 3,978 ಮೀಟರ್, ಚಳಿಗಾಲ ಪೂರ್ತಿ ಅದು ಕ್ಲೋಸ್, ಹಾಗಾಗಿ ಜನವರಿಯಲ್ಲಿ ಯಾರಾದ್ರೂ "ರೋಹ್ತಾಂಗ್ ತೋರಿಸ್ತೀನಿ ಸಾರ್" ಅಂದ್ರೆ ಬೇರೆ ಯಾವ್ದೋ ಹಿಮದ ಜಾಗಕ್ಕೆ ಕರ್ಕೊಂಡು ಹೋಗ್ತಿದಾರೆ ಅಂತ ಅರ್ಥ ಮಾಡ್ಕೊಳ್ಳಿ.

ಬೆಂಗಳೂರಿಂದ ಹೋಗೋರು ಚಂಡೀಗಢ ಅಥವಾ ದಿಲ್ಲಿಗೆ ಫ್ಲೈಟ್, ಅಲ್ಲಿಂದ ರಾತ್ರಿ ವೋಲ್ವೊ. ಭುಂತರ್‌ನಲ್ಲಿ ಏರ್‌ಪೋರ್ಟ್ ಇದೆ, ಮನಾಲಿಗೆ ಸುಮಾರು 50 ಕಿಲೋಮೀಟರ್, ಆದ್ರೆ ಚಿಕ್ಕ ವಿಮಾನ, ಹವಾಮಾನ ಕೆಟ್ರೆ ಕ್ಯಾನ್ಸಲ್, ಅದನ್ನೇ ನಂಬ್ಕೊಂಡು ಕೂರೋದು ಬೇಡ.

ಬಟ್ಟೆ ಸರಿ ಇಲ್ಲ ಅಂದ್ರೆ ಆಟವೇ ಇಲ್ಲ

ದಪ್ಪ ಸ್ವೆಟರ್ ಒಂದರ ಮೇಲೊಂದು ಹಾಕೋದಕ್ಕಿಂತ ಮೂರು ಪದರ ಸಾಕು. ಮೈಗೆ ಅಂಟೋ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ, ಎಲ್ಲಕ್ಕಿಂತ ಮೇಲೆ ಗಾಳಿ ನೀರು ತಡೆಯೋ ಜಾಕೆಟ್. ಜೀನ್ಸ್ ದಯವಿಟ್ಟು ಬೇಡ. ಕಾಟನ್ ಒಂದ್ಸಲ ಒದ್ದೆ ಆದ್ರೆ ಆ ಚಳಿಗೆ ಒಣಗೋದೇ ಇಲ್ಲ, ಮೈ ಶಾಖನೆಲ್ಲಾ ಎಳ್ಕೊಂಡ್ಬಿಡುತ್ತೆ. ಥರ್ಮಲ್, ಗ್ಲೌಸ್, ಉಣ್ಣೆ ಸಾಕ್ಸ್ ಊರಲ್ಲೇ ತಗೊಂಡು ಹೋಗಿ, ಡೆಕಾಥ್ಲಾನ್‌ನಲ್ಲಿ ಎಲ್ಲಾ ಸಿಗುತ್ತೆ.

ಮೇಲಿನ ಸೂಟ್ ಮತ್ತೆ ಗಮ್‌ಬೂಟ್ ಬಾಡಿಗೆಗೆ ಸಿಗುತ್ತೆ, ಸೋಲಾಂಗ್ ರಸ್ತೆ ಉದ್ದಕ್ಕೂ ನಂಬರ್ ಬರೆದಿರೋ ಅಂಗಡಿಗಳಿವೆ, ಡ್ರೈವರ್ ತನಗೆ ಗೊತ್ತಿರೋ ಅಂಗಡಿ ಮುಂದೆನೇ ನಿಲ್ಲಿಸ್ತಾರೆ, ಅದು ಅಲ್ಲಿನ ರೂಢಿ, ಜಗಳ ಆಡೋಕೆ ಹೋಗ್ಬೇಡಿ ಆದ್ರೆ ರೇಟ್ ಮೊದಲೇ ಮಾತಾಡಿ. ಬೂಟ್ ತಗೊಳ್ಳೋ ಮುಂಚೆ ಒಳಗೆ ಕೈ ಹಾಕಿ ನೋಡಿ. ನಿನ್ನೆ ಹಾಕಿದವರ ಬೆವರು, ಹಿಮದ ನೀರು ಎರಡೂ ಸೇರಿ ಒಳಗಡೆ ಬಟ್ಟೆ ತಣ್ಣಗೆ ಜಿನುಗ್ತಾ ಇರುತ್ತೆ, ಅಂಥದ್ದು ವಾಪಸ್ ಕೊಟ್ಟು ಒಣಗಿರೋ ಜೋಡಿ ಕೇಳಿ, ಒಂದು ಸೈಜ್ ದೊಡ್ಡದೇ ಆದ್ರೂ ಪರ್ವಾಗಿಲ್ಲ. ಬ್ಯಾಗಲ್ಲಿ ಒಂದು ಜೊತೆ ಎಕ್ಸ್‌ಟ್ರಾ ಸಾಕ್ಸ್ ಇರ್ಲಿ.

ಸನ್‌ಸ್ಕ್ರೀನ್ ಮರೀಬೇಡಿ. ಚಳಿ ಇದೆ ಬಿಸಿಲೇನು ಮಾಡುತ್ತೆ ಅಂದ್ಕೊಂಡಿರ್ತೀವಿ, ಆದ್ರೆ ಹೊಸ ಹಿಮ ಬಿಸಿಲಿನ ಯುವಿ ಕಿರಣದಲ್ಲಿ ಶೇ 80ರವರೆಗೂ ವಾಪಸ್ ಎರಚುತ್ತೆ, ಮೂಗಿನ ಕೆಳಗೆ, ಗದ್ದದ ಅಡಿಯೆಲ್ಲಾ ಸುಡುತ್ತೆ. ಕೂಲಿಂಗ್ ಗ್ಲಾಸ್ ಸ್ಟೈಲಿಗಲ್ಲ, ಕಣ್ಣಿಗೆ ಬೇಕೇ ಬೇಕು. ತುಟಿಗೆ ಲಿಪ್ ಬಾಮ್ ಇಲ್ದಿದ್ರೆ ನಮ್ಮ ತುಪ್ಪನೇ ಸವರಿ.

ಸೋಲಾಂಗ್‌ನಲ್ಲಿ ಸ್ಕೀ

ಮನಾಲಿಯಿಂದ ಸೋಲಾಂಗ್ ಸುಮಾರು 13 ಕಿಲೋಮೀಟರ್. ಬೆಳಗ್ಗೆ ಎಂಟಕ್ಕೆ ಮುಂಚೆ ಹೊರಡಿ, ಹತ್ತಾದ್ಮೇಲೆ ರಸ್ತೆ ಕಥೆ ಬೇರೆ. ಜಾಸ್ತಿ ಹಿಮ ಬಿದ್ದ ದಿನ ಸಾಮಾನ್ಯ ಕಾರನ್ನ ನೆಹರು ಕುಂಡ್ ಹತ್ರ ಪೊಲೀಸರು ತಡೀತಾರೆ, ಅಲ್ಲಿಂದ ಫೋರ್ ಬೈ ಫೋರ್ ಗಾಡಿನೇ ಹಿಡೀಬೇಕು.

ಅಲ್ಲಿ ಇಳಿದ ತಕ್ಷಣ ಸ್ನೋ ಸ್ಕೂಟರ್, ಟ್ಯೂಬ್, ಸ್ಲೆಡ್ಜ್ ಅಂತ ಸುತ್ಕೊಳ್ತಾರೆ. ಸ್ನೋ ಸ್ಕೂಟರ್ ಅಂದ್ರೆ ಹಿಂದೆ ಕೂತು ಒಂದು ರೌಂಡ್ ಹೊಡಿಯೋದು, ಎರಡು ನಿಮಿಷದಲ್ಲಿ ಮುಗಿಯುತ್ತೆ, ನನಗಂತೂ ಕೊಟ್ಟ ದುಡ್ಡಿಗೆ ಮೋಸ ಅನ್ಸುತ್ತೆ. ಟ್ಯೂಬ್ ಮಕ್ಕಳಿಗೆ ಖುಷಿ. ನೀವು ಸ್ಕೀ ಹಿಡೀರಿ. ರೇಟ್ ಕೇಳುವಾಗ ಎರಡು ವಿಷಯ ಬಿಡಿಸಿ ಕೇಳಿ, ರೌಂಡ್ ಲೆಕ್ಕನಾ ಗಂಟೆ ಲೆಕ್ಕನಾ, ಕಲಿಸೋರು ಇದರಲ್ಲೇ ಸೇರಿದಾರಾ ಇಲ್ವಾ. ಗಂಟೆ ಲೆಕ್ಕನೇ ಒಳ್ಳೇದು, ಎರಡು ದಿನ ಬರ್ತೀನಿ ಅಂದ್ರೆ ರೇಟೂ ಇಳಿಯುತ್ತೆ.

ಮೊದಲು ಸ್ಕೀ ಬೂಟ್. ಹಿಮ್ಮಡಿ ಪೂರ್ತಿ ಹಿಂದಕ್ಕೆ ಕೂರಬೇಕು, ಬೆರಳು ಆಡಿಸೋಕೆ ಆಗ್ಬೇಕು, ಮೊಣಕಾಲು ಬಗ್ಗಿಸಿದ್ರೆ ಮೊಣಕಾಲ ಕೆಳಗಿನ ಮೂಳೆ ಬೂಟಿನ ಮುಂಭಾಗಕ್ಕೆ ಒತ್ತಬೇಕು. ಸ್ಕೀನ ಇಳಿಜಾರಿಗೆ ಅಡ್ಡ ಇಡಿ, ನೇರ ಇಟ್ರೆ ನೀವು ಹತ್ತೋಕೆ ಮುಂಚೆ ಅದೇ ಹೊರಟೋಗುತ್ತೆ. ಬೂಟಿನ ಅಡಿಗೆ ಮೆತ್ತಿರೋ ಹಿಮ ಕೋಲಿಂದ ತಟ್ಟಿ ಬೀಳಿಸಿ, ಯಾಕಂದ್ರೆ ಸ್ವಲ್ಪ ಹಿಮ ಇದ್ರೂ ಬೂಟು ಸ್ಕೀಗೆ ಲಾಕ್ ಆಗಲ್ಲ. ಮೊದಲು ಮುಂಗಾಲು ಸೇರಿಸಿ, ಆಮೇಲೆ ಹಿಮ್ಮಡಿ ಒತ್ತಿ, 'ಟಕ್' ಅಂತ ಸದ್ದು ಬಂದ್ರೆ ಕೂತಿದೆ ಅಂತ.

ಈಗ ಮೇಲೆ ಹತ್ತೋದು. ಅಡ್ಡ ನಿಂತ್ಕೊಂಡು ಮೆಟ್ಟಿಲು ಹತ್ತೋ ಹಾಗೆ ಪಕ್ಕಕ್ಕೆ ಒಂದೊಂದೇ ಹೆಜ್ಜೆ, ಸ್ಕೀಯ ಮೇಲ್ಬದಿ ಅಂಚು ಹಿಮದೊಳಗೆ ಕಚ್ಚಬೇಕು. ಹತ್ತು ಹೆಜ್ಜೆಗೆ ಏದುಸಿರು ಬರುತ್ತೆ, ಜಾಕೆಟ್ ಜಿಪ್ ಸ್ವಲ್ಪ ಇಳಿಸಿ, ಬೆವರಿ ಒದ್ದೆ ಆಗೋದೂ ಹಿಮದಲ್ಲಿ ಒದ್ದೆ ಆಗೋದೂ ಎರಡೂ ಒಂದೇ.

ಇಳಿಯುವಾಗ ಬ್ರೇಕೇ ಮೊದಲ ಪಾಠ. ಎರಡೂ ಸ್ಕೀ ತುದಿ ಮುಂದೆ ಹತ್ರ ತನ್ನಿ, ಹಿಂಭಾಗ ಅಗಲಿಸಿ, ಪಿಜ್ಜಾ ಪೀಸ್ ಥರ ಆಕಾರ ಬರಬೇಕು. ತುದಿ ಒಂದರ ಮೇಲೊಂದು ಏರಬಾರದು. ಹಿಮ್ಮಡಿಯಿಂದ ಹೊರಗೆ ತಳ್ಳಿದಷ್ಟೂ ವೇಗ ಕಮ್ಮಿ ಆಗುತ್ತೆ. ಎಲ್ರೂ ಎಡವೋದು ಒಂದೇ ಕಡೆ, ಹೆದರಿಕೆಗೆ ಮೈ ಹಿಂದಕ್ಕೆ ವಾಲಿಸ್ತಾರೆ, ವಾಲಿಸಿದ್ರೆ ಸ್ಕೀ ಹಿಡಿತ ತಪ್ಪಿ ಇನ್ನೂ ಜೋರಾಗಿ ಓಡುತ್ತೆ. ಮೊಣಕಾಲು ಬಗ್ಗಿಸಿ, ಕೈ ಮುಂದೆ, ಕಣ್ಣು ದೂರಕ್ಕೆ, ಕಾಲು ನೋಡ್ಬೇಡಿ. ತಿರುಗಬೇಕು ಅಂದ್ರೆ, ಬಲಗಾಲಿಗೆ ಭಾರ ಹಾಕಿದ್ರೆ ಎಡಕ್ಕೆ, ಎಡಗಾಲಿಗೆ ಹಾಕಿದ್ರೆ ಬಲಕ್ಕೆ. ಬೀಳ್ತೀನಿ ಅನ್ಸಿದ್ರೆ ಪಕ್ಕಕ್ಕೆ ಸೊಂಟದ ಮೇಲೆ ಕೂತ್ಬಿಡಿ, ಕೈ ಹಿಂದೆ ಊರಿದ್ರೆ ಮಣಿಕಟ್ಟಿಗೆ ಪೆಟ್ಟು. ಏಳೋಕೆ ಎರಡೂ ಸ್ಕೀನ ಇಳಿಜಾರಿನ ಕೆಳಗಿನ ಕಡೆ ತಂದು ಅಡ್ಡ ಇಟ್ಟು ಆಮೇಲೆ ಎದ್ದೇಳಿ.

ಎರಡನೇ ದಿನದ ಹೊತ್ತಿಗೆ ಬ್ರೇಕ್ ಹಾಕಿ ನಿಲ್ಲೋ ಧೈರ್ಯ ಬರುತ್ತೆ, ಅಷ್ಟೇ ಸಾಕು. ಇನ್ನೂ ಸೀರಿಯಸ್ ಆಗಿ ಕಲೀಬೇಕು ಅಂದ್ರೆ ಮನಾಲಿಯಲ್ಲೇ ಸರ್ಕಾರದ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಇದೆ, ಅವರು ಚಳಿಗಾಲದಲ್ಲಿ ಎರಡು ವಾರದ ಸ್ಕೀ ಕೋರ್ಸ್ ನಡೆಸ್ತಾರೆ, ಸೀಟಿಗೆ ಮುಂಚಿತವಾಗಿ ಅರ್ಜಿ ಹಾಕ್ಬೇಕು.

ಮಕ್ಕಳ ವಿಷಯ ಒಂದು. ಬೆಳಗ್ಗಿನ ಪುಡಿ ಹಿಮ ಉಂಡೆ ಕಟ್ಟೋಕೆ ಬರಲ್ಲ, ಉದುರಿ ಹೋಗುತ್ತೆ. ಮಧ್ಯಾಹ್ನ ಬಿಸಿಲಿಗೆ ಸ್ವಲ್ಪ ತೇವ ಆದ್ಮೇಲೆ ಚೆನ್ನಾಗಿ ಅಂಟುತ್ತೆ, ಹಿಮದ ಗೊಂಬೆ ಆಗ ಮಾಡಿಸಿ.

ಟನಲ್ ಆಚೆ

ಇದಕ್ಕೆ ಬೇರೆ ದಿನ ಇಡಿ. 2020ರ ಅಕ್ಟೋಬರಲ್ಲಿ ಓಡಾಟಕ್ಕೆ ತೆರೆದ ಅಟಲ್ ಟನಲ್ 9.02 ಕಿಲೋಮೀಟರ್ ಉದ್ದ, ಈ ಕಡೆ ದೇವದಾರು ಕಾಡು, ಆ ಕಡೆ ಲಾಹೌಲ್‌ನ ಬೋಳು ಬಿಳಿ ಬೆಟ್ಟ. ಅದಕ್ಕೂ ಮುಂಚೆ ಚಳಿಗಾಲದಲ್ಲಿ ಲಾಹೌಲ್ ಜನ ತಿಂಗಳುಗಟ್ಟಲೆ ಹೊರಗಿನ ಪ್ರಪಂಚಕ್ಕೆ ರಸ್ತೆನೇ ಇಲ್ದೆ ಇರ್ತಿದ್ರು. ಸಿಸ್ಸು ಹತ್ರ ಕೆರೆ, ನದಿ ಅಂಚು ಹೆಪ್ಪುಗಟ್ಟಿರುತ್ತೆ, ಮೇಲೆ ಎಷ್ಟೇ ಗಟ್ಟಿ ಕಂಡ್ರೂ ಕಾಲಿಡ್ಬೇಡಿ. ಹಿಮ ಬೀಳ್ತಿದ್ರೆ ಟನಲ್‌ಗೆ ಟೂರಿಸ್ಟ್ ಗಾಡಿ ಬಿಡಲ್ಲ, ಬೆಳಗ್ಗೆ ಹೋಟೆಲಲ್ಲಿ ಕೇಳ್ಕೊಂಡೇ ಹೊರಡಿ. ಜನವರಿ ಕೊನೆ, ಫೆಬ್ರವರಿಯಲ್ಲಿ ಅಲ್ಲಿನ ಊರವರ ದೇವರ ಹಬ್ಬ ಇರುತ್ತೆ, ಆಗ ಸಿಸ್ಸು ಕಡೆ ಪಂಚಾಯಿತಿಗಳು ಟೂರಿಸ್ಟ್ ಚಟುವಟಿಕೆ ನಿಲ್ಲಿಸೋದೂ ಉಂಟು.

ಮನಾಲಿ ಸುತ್ತಲೂ ಇದೇ ಥರ. ನಮಗೆ ಎಳ್ಳುಬೆಲ್ಲ ಹಂಚೋ ಸಂಕ್ರಾಂತಿ, ಅಲ್ಲಿ ಗೋಶಾಲ್ ಮತ್ತೆ ಅಕ್ಕಪಕ್ಕದ ಊರುಗಳಲ್ಲಿ ಅವತ್ತಿಂದ 42 ದಿನ ಸದ್ದಿಲ್ಲ, ದೇವರು ಸ್ವರ್ಗಕ್ಕೆ ಹೋಗಿರ್ತಾರೆ ಅಂತ ಟಿವಿ ಹಾಕಲ್ಲ, ಹೊಲದ ಕೆಲಸ ಮಾಡಲ್ಲ. ಆ ಊರ ಓಣಿಯಲ್ಲಿ ಬ್ಲೂಟೂತ್ ಸ್ಪೀಕರ್ ಹಿಡ್ಕೊಂಡು ಓಡಾಡ್ಬೇಡಿ.

ಸಂಜೆ ಹೊತ್ತಿಗೆ

ಮೈಕೈ ನೋವಿಗೆ ವಶಿಷ್ಠದ ಬಿಸಿನೀರಿನ ಕುಂಡ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಇದೆ, ಗಂಧಕದ ವಾಸನೆ ಮೊದಲು ಹೊಡೆಯುತ್ತೆ, ಆಮೇಲೆ ಗೊತ್ತೇ ಆಗಲ್ಲ. ಹೊರಗೆ ಬಂದ ತಕ್ಷಣ ತಲೆ ಒರೆಸ್ಕೊಂಡು ಟೋಪಿ ಹಾಕಿ. ಹಿಡಿಂಬೆ ದೇವಸ್ಥಾನ ಬೆಳಗ್ಗೆ ಬೇಗ ಹೋದ್ರೇ ಚೆಂದ, 1553ರಲ್ಲಿ ಕಟ್ಟಿದ ಮರದ ಗುಡಿ, ದೇವದಾರು ಮರಗಳ ಮಧ್ಯೆ, ನಮ್ಮ ಭೀಮನ ಹೆಂಡತಿ ಅಲ್ಲಿ ಊರಿಗೇ ದೊಡ್ಡ ದೇವಿ.

ಊಟಕ್ಕೆ ಸಿಡ್ಡು ಕೇಳಿ, ಹುದುಗು ಬಂದ ಗೋಧಿ ಹಿಟ್ಟಿನೊಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿರ್ತಾರೆ, ಮೇಲೆ ಧಾರಾಳ ತುಪ್ಪ. ಅನ್ನ ಸಾರು ಇಲ್ಲ ಅಂತ ಗೊಣಗೋರಿಗೆ ರಾಜ್ಮಾ ಚಾವಲ್ ಇದೆ. ರಾತ್ರಿ ರೂಮಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಕೊಂಡು ಕಿಟಕಿ ಮುಚ್ಚಿ ಮಲಗೋದು ಮಾತ್ರ ಬೇಡವೇ ಬೇಡ, ಅದರ ವಿಷಗಾಳಿಗೆ ವಾಸನೆ ಇರಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ. ಎಲೆಕ್ಟ್ರಿಕ್ ಬ್ಲಾಂಕೆಟ್ ಇರೋ ರೂಮ್ ಕೇಳಿ ಬುಕ್ ಮಾಡಿ.

ವಾಪಸ್ ಬರೋ ಫ್ಲೈಟನ್ನ ಮನಾಲಿ ಬಿಟ್ಟ ಮಾರನೇ ದಿನ ಸಂಜೆಗೆ ಅಥವಾ ಇನ್ನೊಂದು ದಿನ ಬಿಟ್ಟು ಇಟ್ಕೊಳ್ಳಿ. ಹಿಮ ಜೋರಾದ್ರೆ ವೋಲ್ವೊ ಮನಾಲಿ ತನಕ ಬರಲ್ಲ, ಪತ್ಲೀಕುಹಲ್ ಅಥವಾ ಕುಲ್ಲುವರೆಗೆ ನೀವೇ ಇಳ್ದು ಹೋಗಿ ಹತ್ತಬೇಕಾಗುತ್ತೆ, ಅಷ್ಟು ದೂರಕ್ಕೆ ಟೈರಿಗೆ ಚೈನ್ ಇರೋ ಲೋಕಲ್ ಟ್ಯಾಕ್ಸಿಯವರ ನಂಬರ್ ಒಂದು ಹೋಟೆಲಲ್ಲಿ ಮೊದಲೇ ಇಸ್ಕೊಂಡಿರಿ.