ಉದ್ಯಮಶೀಲತೆ ಓದಲು ಬ್ರಿಟನ್ನಿಗೆ ಹೊರಡುವವರು ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ

ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ನೇಯುವ ಮನೆಯಿಂದ ಬ್ರಿಟನ್ನಿಗೆ ಹೋಗಿ, ಉದ್ಯಮಶೀಲತೆಯಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ ಮುಗಿಸಿ ಬಂದ ಮೇಲೆ, ಬಾಗಲಕೋಟೆ, ಇಳಕಲ್, ಬನಹಟ್ಟಿ ಕಡೆಯ ಹುಡುಗ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಯಾವ ವಿಶ್ವವಿದ್ಯಾಲಯ ಒಳ್ಳೆಯದು ಎಂಬುದು. ನಾನು ಅವರಿಗೆ ತಿರುಗಿ ಕೇಳುವುದು, ಯಾವ ವ್ಯಾಪಾರದ ಲೆಕ್ಕವನ್ನು ಜೊತೆಗೆ ಒಯ್ಯುತ್ತೀರಿ ಎಂದು. ಹೊರಡುವಾಗ ನಮ್ಮಪ್ಪ “ವ್ಯಾಪಾರ ಕಲೀಲಿಕ್ಕೆ ಅಷ್ಟು ದೂರ ಯಾಕ ಹೋಗ್ತಿ, ಅಂಗಡ್ಯಾಗ ಕುಂದರು” ಎಂದಿದ್ದರು. ಆ ಮಾತಿನಲ್ಲಿ ಅರ್ಧ ಸತ್ಯವಿತ್ತೆಂದು ಮೊದಲ ತಿಂಗಳಲ್ಲೇ ಗೊತ್ತಾಯಿತು.

ಆದ್ದರಿಂದ ಅರ್ಜಿ ಹಾಕುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ಮನೆಯದೋ, ನೆಂಟರದೋ, ಓಣಿಯವರದೋ ಒಂದು ವ್ಯಾಪಾರವನ್ನು ಆರಿಸಿಕೊಂಡು ಅದರ ಕಿರ್ದಿಯನ್ನು, ಅಂದರೆ ದಿನದ ಲೆಕ್ಕದ ಪುಸ್ತಕವನ್ನು, ನೀವೇ ಬರೆಯಲು ಕುಳಿತುಕೊಳ್ಳಿ. ವಿಜಯಪುರದ ಕಡೆಯವರಿಗೆ ಒಣದ್ರಾಕ್ಷಿಯ ಶೆಡ್ಡು, ಮಹಾಲಿಂಗಪುರದವರಿಗೆ ಬೆಲ್ಲದ ಗಾಣ, ಬೆಳಗಾವಿಯವರಿಗೆ ಉದ್ಯಮಬಾಗದ ಫೌಂಡ್ರಿ, ಯಾವುದಾದರೂ ಆದೀತು. ಮಗ್ಗದ ಒಂದು ಹಾಸಿನ ಉದ್ದೆಳೆಗಳಿಗೆ ಎಷ್ಟು ನೂಲು ಹೋಯಿತು, ಮಜೂರಿ ಎಷ್ಟಾಯಿತು, ಮಾಲು ಉದ್ರಿ ಹೋಗಿದ್ದರೆ ಹಣ ಯಾವ ದಿನ ತಿರುಗಿ ಬಂತು ಎಂಬುದನ್ನು ದಿನಾಂಕ ಸಹಿತ ಬರೆಯಿರಿ. ಲಾಭ ಕಾಗದದ ಮೇಲಿದ್ದರೂ ಗಲ್ಲೆಯಲ್ಲಿ ಏಕೆ ಇರುವುದಿಲ್ಲ ಎಂಬುದನ್ನು ಅಲ್ಲಿ ‘ಕ್ಯಾಶ್ ಫ್ಲೋ’ ಎಂಬ ಹೆಸರಿನಲ್ಲಿ ವಾರಗಟ್ಟಲೆ ಕಲಿಸುತ್ತಾರೆ. ನಾಲ್ಕು ಹಬ್ಬಗಳ ಉದ್ರಿ ಕಂಡವರಿಗೆ ಅದು ಒಂದೇ ತರಗತಿಯಲ್ಲಿ ತಿಳಿಯುತ್ತದೆ. ಅರ್ಜಿಯ ಜೊತೆ ಕಳುಹಿಸುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲಿಯೂ, ಚಿಕ್ಕಂದಿನಿಂದ ಉದ್ಯಮಿಯಾಗುವ ಕನಸಿತ್ತು ಎಂಬ ಸಾಲಿನ ಬದಲು ಈ ಲೆಕ್ಕದಿಂದ ಹುಟ್ಟಿದ ಒಂದು ಪ್ರಶ್ನೆಯನ್ನು ಬರೆಯುವುದು ಲೇಸು.

ಕೋರ್ಸು ಆರಿಸುವಾಗ ಶ್ರೇಯಾಂಕಕ್ಕಿಂತ ಪಠ್ಯಕ್ರಮದ ಕೊನೆಯ ಭಾಗವನ್ನು ನೋಡಬೇಕು. ಪ್ರಬಂಧದ ಬದಲಿಗೆ ಸ್ವಂತ ಉದ್ಯಮದ ಯೋಜನೆಯನ್ನೇ ಸಲ್ಲಿಸಲು ಅವಕಾಶವಿದ್ದರೆ ನಿಮ್ಮ ಕಿರ್ದಿ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಉದ್ಯಮಶೀಲತೆಯ ಕಲಿಕೆಗೇ ಹೆಸರಾದ ಬ್ಯಾಬ್ಸನ್ ಕಾಲೇಜು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1919ರಲ್ಲಿ ಆರಂಭವಾಯಿತು. ಆದರೂ ನಾನು ಅಮೆರಿಕ ಬಿಟ್ಟು ಬ್ರಿಟನ್ ಆರಿಸಿಕೊಂಡದ್ದು ಒಂದೇ ವರ್ಷದಲ್ಲಿ ಮುಗಿಯುತ್ತದೆ, ಖರ್ಚು ಅಷ್ಟಕ್ಕೇ ನಿಲ್ಲುತ್ತದೆ ಎಂಬ ಕಾರಣಕ್ಕೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಓದಿದವರು ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟುಗಳ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ.

ಹಣದ ವಿಷಯದಲ್ಲಿ ನಮ್ಮ ಕಡೆಯವರು ಎಡವುವುದು ಎರಡು ಕಡೆ. ಹೊಲದ ಉತಾರ (ಪಹಣಿ) ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಸಾಮಾನ್ಯವಾಗಿ ಕೆಲಸವಾಗುವುದಿಲ್ಲ. ದೊಡ್ಡ ಶಿಕ್ಷಣ ಸಾಲದ ಭದ್ರತೆಗೆ ಬ್ಯಾಂಕುಗಳು ಮನೆ, ಎನ್‌ಎ (ಕೃಷಿಯೇತರ) ಆದ ಪ್ಲಾಟು ಅಥವಾ ಠೇವಣಿಯನ್ನು ಕೇಳುತ್ತವೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳು ಸಾಲಕ್ಕಿಂತ ಮೊದಲು ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಎಂಬ ವಿದೇಶ ವ್ಯಾಸಂಗದ ನೆರವಿನ ಯೋಜನೆಯನ್ನು ವಿಚಾರಿಸಬೇಕು. ಎರಡನೆಯದು 28 ದಿನಗಳ ನಿಯಮ. ವೀಸಾಕ್ಕೆ ಉಳಿತಾಯದ ಹಣವನ್ನು ತೋರಿಸುವುದಾದರೆ, ಬಾಕಿಯಿರುವ ಶುಲ್ಕ ಮತ್ತು ಗರಿಷ್ಠ 9 ತಿಂಗಳ ಜೀವನವೆಚ್ಚದ ಮೊತ್ತ ಸತತ 28 ದಿನ ಖಾತೆಯಲ್ಲಿ ಇರಲೇಬೇಕು. ನಮ್ಮಪ್ಪ ರೇಷ್ಮೆ ನೂಲು ಅಗ್ಗವಾಗಿ ಸಿಕ್ಕಿತೆಂದು ಹತ್ತೊಂಬತ್ತನೆಯ ದಿನ ಅದೇ ಖಾತೆಯಿಂದ ಹಣ ತೆಗೆದರು. ಎರಡೇ ದಿನಗಳಲ್ಲಿ ತಿರುಗಿ ಕಟ್ಟಿದರೂ ನಾನು ಎಣಿಕೆಯನ್ನು ಒಂದರಿಂದ ಆರಂಭಿಸಬೇಕಾಯಿತು. ತಂದೆ ತಾಯಿಯ ಖಾತೆಯನ್ನು ತೋರಿಸುವವರು ಅವರ ಒಪ್ಪಿಗೆ ಪತ್ರವನ್ನೂ ತಮ್ಮ ಜನನ ಪ್ರಮಾಣಪತ್ರವನ್ನೂ ಲಗತ್ತಿಸಬೇಕು. ಆ ಪ್ರಮಾಣಪತ್ರದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಸೇರಿದ ಇನ್ನೊಂದು ಹೆಸರು ಇರುವುದು ನಮ್ಮಲ್ಲಿ ಸರ್ವೇಸಾಮಾನ್ಯವಾದ್ದರಿಂದ ತಿದ್ದುಪಡಿಯ ಕೆಲಸವನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ. ಇದಲ್ಲದೆ ವರ್ಷಕ್ಕೆ 776 ಪೌಂಡಿನಂತೆ ಆರೋಗ್ಯ ಶುಲ್ಕವಿದೆ. ಕ್ಷಯರೋಗ ತಪಾಸಣೆ ಮತ್ತು ಬೆರಳಚ್ಚಿಗಾಗಿ ನಾನು ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಎರಡು ಸಲ ಹೋಗಿಬಂದೆ. ಮೊದಲೇ ಯೋಚಿಸಿದ್ದರೆ ಒಂದು ಸಲ ಸಾಕಿತ್ತು.

ಯಾವ ಏಜೆಂಟರೂ ನನಗೆ ಹೇಳದ ಸಂಗತಿಯೆಂದರೆ, ಉದ್ಯಮ ಕಲಿಯಲು ಹೋದ ವಿದ್ಯಾರ್ಥಿ ಅಲ್ಲಿ ಉದ್ಯಮ ಮಾಡುವಂತಿಲ್ಲ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಪದವಿಯ ವಿದ್ಯಾರ್ಥಿಗಳು ತರಗತಿಗಳಿರುವ ಅವಧಿಯಲ್ಲಿ ವಾರಕ್ಕೆ 20 ಗಂಟೆಯವರೆಗೆ ಸಂಬಳದ ಕೆಲಸ ಮಾಡಬಹುದು, ಆದರೆ ಸ್ವಂತ ವ್ಯಾಪಾರಕ್ಕೆ ಅನುಮತಿಯಿಲ್ಲ. ಸೂಟ್‌ಕೇಸಿನಲ್ಲಿ ಒಯ್ದ ಖಣಗಳನ್ನು ಸಹಪಾಠಿಗಳಿಗೆ ಮಾರಲು ಹೊರಟಿದ್ದ ನನ್ನನ್ನು ವಿಶ್ವವಿದ್ಯಾಲಯದ ವೀಸಾ ಸಲಹೆಗಾರ್ತಿಯೊಬ್ಬರು ಸಕಾಲದಲ್ಲಿ ತಡೆದರು. ಅಲ್ಲಿಯೇ ಉದ್ಯಮ ಹೂಡುವವರಿಗೆ 2023ರ ಏಪ್ರಿಲ್‌ನಲ್ಲಿ ‘ಇನೊವೇಟರ್ ಫೌಂಡರ್’ ಎಂಬ ವೀಸಾ ಬಂದಿದೆ. 50,000 ಪೌಂಡಿನ ಬಂಡವಾಳದ ಷರತ್ತನ್ನು ಅದರಲ್ಲಿ ಕೈಬಿಟ್ಟಿದ್ದರೂ, ಯೋಜನೆ ಹೊಸದು ಮತ್ತು ಬೆಳೆಯಬಲ್ಲದು ಎಂದು ಮಾನ್ಯತೆ ಪಡೆದ ಸಂಸ್ಥೆಯೊಂದು ಒಪ್ಪಬೇಕು. ಪದವಿಯ ನಂತರದ ‘ಗ್ರ್ಯಾಜುಯೇಟ್’ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವಿದೆ, ಆದರೆ 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರರಿಗೆ ಅದರ ಅವಧಿ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ.

ಮಾರುವಂತಿಲ್ಲ, ಆದರೆ ಕೇಳಬಹುದು. ಆ ವರ್ಷವನ್ನೆಲ್ಲ ಕೇಳುವುದಕ್ಕೇ ಬಳಸಿಕೊಳ್ಳಿ. ನಮಗೆ ಪಾಠವಾಗಿದ್ದ ವಿಚಾರಗಳಲ್ಲಿ ಸರಸ್ ಸರಸ್ವತಿ ಎಂಬ ಭಾರತ ಮೂಲದ ವಿದ್ವಾಂಸೆ 2001ರಲ್ಲಿ ಮಂಡಿಸಿದ ಸಿದ್ಧಾಂತವೊಂದಿದೆ. ನುರಿತ ಉದ್ಯಮಿಗಳು ದೊಡ್ಡ ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕದೆ, ಕೈಯಲ್ಲಿರುವುದರಿಂದ ಆರಂಭಿಸಿ, ತಾಳಿಕೊಳ್ಳಬಲ್ಲಷ್ಟು ನಷ್ಟಕ್ಕೆ ಮಾತ್ರ ಕೈ ಹಾಕುತ್ತಾರೆ ಎಂಬುದು ಅದರ ತಿರುಳು. ಕೈಯಲ್ಲಿರುವುದನ್ನು ಪಟ್ಟಿ ಮಾಡಿರೆಂದಾಗ ಬಹುಪಾಲು ಸಹಪಾಠಿಗಳು ಇನ್ನೂ ಹುಟ್ಟದ ಆ್ಯಪ್‌ಗಳ ಹೆಸರು ಬರೆದರು. ನಾನು ಎರಡು ಮಗ್ಗ, ಒಂದು ಕಿರ್ದಿ ಎಂದು ಬರೆದೆ. ಬಳಿಕ ಬಟ್ಟೆಯಂಗಡಿಗಳಲ್ಲಿ, ಹೊಲಿಗೆ ತರಬೇತಿಗಳಲ್ಲಿ ಜನರನ್ನು ಮಾತನಾಡಿಸಿದೆ. ಇದನ್ನು ಕೊಳ್ಳುತ್ತೀರಾ ಎಂದು ಕೇಳಬೇಡಿ, ಸೌಜನ್ಯಕ್ಕೆ ಎಲ್ಲರೂ ಹೌದೆನ್ನುತ್ತಾರೆ. ಕಳೆದ ಸಲ ಬಟ್ಟೆ ಕೊಂಡದ್ದು ಯಾವಾಗ, ಎಷ್ಟು ಕೊಟ್ಟಿರಿ, ಏನು ಹೊಲಿದಿರಿ ಎಂದು ಕೇಳಿ. ನನ್ನ ಖಣವನ್ನು ಬೆಳಕಿಗೆ ಹಿಡಿದು ಮೆಚ್ಚಿದವರೆಲ್ಲರೂ ಮರುಕ್ಷಣ ಕೇಳಿದ್ದು ಪನ್ನ (ಬಟ್ಟೆಯ ಅಗಲ) ಎಷ್ಟು ಎಂದು. ಕುಬಸಕ್ಕೆಂದೇ ನೇಯುವ ನಮ್ಮ ಕಿರುಪನ್ನದಲ್ಲಿ, ಮೀಟರ್ ಲೆಕ್ಕದಲ್ಲಿ ಕೊಳ್ಳುವ ಅವರು ಒಂದು ಅಂಗಿಯನ್ನೂ ಕತ್ತರಿಸಲಾರರು. ಊರಿನ ಅಂಗಡಿಯಲ್ಲಿ ಹತ್ತು ವರ್ಷ ಕುಳಿತಿದ್ದರೂ ಆ ಪ್ರಶ್ನೆ ನನಗೆ ಎದುರಾಗುತ್ತಿರಲಿಲ್ಲ.

ಈ ಮಾತುಕತೆಗಳನ್ನು ದಿನಾಂಕ ಹಾಕಿ ಬರೆದಿಟ್ಟುಕೊಂಡರೆ ಕೊನೆಯ ಯೋಜನೆಗೆ ಬೇರೆ ಸರಕು ಬೇಕಾಗುವುದಿಲ್ಲ. ಸಾಲದ ಕಂತುಗಳು ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷಕ್ಕೆ ಆರಂಭವಾಗುತ್ತವೆ, ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ. ನಾನು ಆ ಒಂದು ವರ್ಷವನ್ನು ಎರಡರಲ್ಲಿ ಒಂದು ಮಗ್ಗದ ಪನ್ನವನ್ನು ಅಗಲಿಸುವುದಕ್ಕೆ ಬಳಸಿದೆ; ಇನ್ನೊಂದನ್ನು ಮುಟ್ಟಲು ಅಪ್ಪ ಇನ್ನೂ ಒಪ್ಪಿಲ್ಲ.