ಡೊನಾಲ್ಡ್ ಜಡ್: ಬದುಕು ಮತ್ತು ಕೃತಿಗಳನ್ನು ದಾಖಲಿಸುವ ಬಗೆ

ಮಿನಿಮಲಿಸ್ಟ್ (ಅಲಂಕಾರವಿಲ್ಲದ ಸರಳ ಜ್ಯಾಮಿತೀಯ ರೂಪಗಳ) ಶಿಲ್ಪಿ ಎನಿಸಿಕೊಂಡವರ ಪರಿಚಯ ಬರೆಯಲು ಕೂತವರು ಮೊದಲು ತೊಡಕುವುದು ಕೃತಿಗಳ ಹೆಸರಿನಲ್ಲೇ. ಅಮೆರಿಕದ ಡೊನಾಲ್ಡ್ ಜಡ್ ಅವರ ಬಹುಪಾಲು ಕೃತಿಗಳು ‘ಶೀರ್ಷಿಕೆಯಿಲ್ಲ’ ಎಂದೇ ದಾಖಲಾಗಿವೆ. ಹಾಗಾಗಿ ಜೀವನಕಥೆಗೆ ಕೈಹಾಕುವ ಮುನ್ನ ಕೃತಿಪಟ್ಟಿ ಮಾಡಿಕೊಳ್ಳಿ.

ಪ್ರತಿ ಕೃತಿಗೂ ವರ್ಷ, ವಸ್ತು, ಬಿಡಿಭಾಗಗಳ ಸಂಖ್ಯೆ, ಎತ್ತರ × ಅಗಲ × ಆಳ, ನಿಲ್ಲುವುದು ನೆಲದ ಮೇಲೋ ಗೋಡೆಯ ಮೇಲೋ, ತಯಾರಿಸಿದವರು ಯಾರು ಎಂಬುದನ್ನು ಬರೆಯಿರಿ. ಬಿಡಿಭಾಗಗಳ ನಡುವಿನ ಅಂತರವನ್ನು ಮಾತ್ರ ಮರೆಯಲೇಬೇಡಿ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ 1967ರ ‘ಸ್ಟ್ಯಾಕ್’ ನೋಡಿ: ಸತು ಲೇಪಿಸಿದ ಕಬ್ಬಿಣ, ಮೇಲೆ ಹಸಿರು ಲ್ಯಾಕರ್ (ಹೊಳಪಿನ ಲೇಪ), ಗೋಡೆಗೆ ಒಂದರ ಮೇಲೊಂದು 12 ಪೆಟ್ಟಿಗೆ. ಒಂದೊಂದೂ 9 × 40 × 31 ಇಂಚು, ನಡುವೆ 9 ಇಂಚಿನ ಅಂತರ. 12 ಪೆಟ್ಟಿಗೆ, 11 ಅಂತರ ಸೇರಿದರೆ 207 ಇಂಚು. ಈ ಲೆಕ್ಕ ತಾಳೆಯಾಗದಿದ್ದರೆ ನಿಮ್ಮ ಟಿಪ್ಪಣಿಯಲ್ಲಿ ಏನೋ ತಪ್ಪಿದೆ. ಪೆಟ್ಟಿಗೆಯ ಎತ್ತರವೂ ಖಾಲಿ ಜಾಗದ ಎತ್ತರವೂ ಒಂದೇ. ಅಂತರ ಬಿಟ್ಟು ಬರೆದರೆ ಕೃತಿಯ ಅರ್ಧದಷ್ಟನ್ನು ಬಿಟ್ಟಂತೆ.

‘ಜಡ್ ಮಾಡಿದರು’ ಎಂದು ಬರೆಯುವಾಗ ಎಚ್ಚರವಿರಲಿ. 1964ರಿಂದ ಅವರ ಲೋಹದ ಕೆಲಸ ಬರ್ನ್‌ಸ್ಟೀನ್ ಬ್ರದರ್ಸ್ ಎಂಬ ತಗಡು ಕಾರ್ಖಾನೆಯಲ್ಲಿ ಆಗುತ್ತಿತ್ತು. ವಿನ್ಯಾಸ ಒಂದು ವರ್ಷದ್ದು, ತಯಾರಿ ಇನ್ನೊಂದು ವರ್ಷದ್ದು ಆಗಿರಬಹುದು. ಎರಡನ್ನೂ ಬೇರೆಬೇರೆ ನಮೂದಿಸಿ. ಇದು ಬರೀ ಔಪಚಾರಿಕತೆಯಲ್ಲ. ಇಟಲಿಯ ಸಂಗ್ರಾಹಕ ಜೂಸೆಪ್ಪೆ ಪಾಂಜಾ ತಮ್ಮಲ್ಲಿದ್ದ ವಿನ್ಯಾಸಗಳಿಂದ ಮಾಡಿಸಿದ ಕೆಲವನ್ನು ಜಡ್ ತಮ್ಮ ಕೃತಿಗಳೆಂದು ಒಪ್ಪಲಿಲ್ಲ. ಅಂಥವನ್ನು ಪಟ್ಟಿಯಲ್ಲಿ ಬೆರೆಸದೆ, ವಿವಾದದ ಸಮೇತ ಪ್ರತ್ಯೇಕವಾಗಿಡಿ.

ಈಗ ಬದುಕಿಗೆ ಬನ್ನಿ. ಜನನ 1928, ಮಿಸೌರಿಯ ಎಕ್ಸೆಲ್ಸಿಯರ್ ಸ್ಪ್ರಿಂಗ್ಸ್; ಮರಣ 1994, ನ್ಯೂಯಾರ್ಕ್. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದರು. ಬಳಿಕದ ವಿಮರ್ಶೆಯ ವರ್ಷಗಳನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ: 1959ರಿಂದ 1965ರವರೆಗೆ ಪತ್ರಿಕೆಗೆ ಬರೆಯುತ್ತಲೇ ಅವರು ಚಿತ್ರಕಲೆಯಿಂದ ಮೂರು ಆಯಾಮದ ವಸ್ತುಗಳತ್ತ ಹೊರಳಿದರು. 1965ರ ‘ಸ್ಪೆಸಿಫಿಕ್ ಆಬ್ಜೆಕ್ಟ್ಸ್’ ಪ್ರಬಂಧದಲ್ಲಿ ಹೊಸ ಕೆಲಸವನ್ನು ಚಿತ್ರವೂ ಅಲ್ಲ, ಶಿಲ್ಪವೂ ಅಲ್ಲ ಎಂದು ಗುರುತಿಸಿದರು. ‘ಮಿನಿಮಲಿಸ್ಟ್’ ಎಂಬ ಹಣೆಪಟ್ಟಿ ಅವರಿಗೆ ಒಪ್ಪಿಗೆಯಿರಲಿಲ್ಲ ಎಂಬುದೂ ಪರಿಚಯದ ಆರಂಭದಲ್ಲೇ ಬರಲಿ.

1968ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅವರ ಕೃತಿಗಳ ಸಮಗ್ರ ಪ್ರದರ್ಶನ. ಅದೇ ವರ್ಷ ಅದೇ ನಗರದ 101 ಸ್ಪ್ರಿಂಗ್ ಸ್ಟ್ರೀಟ್‌ನ ಐದು ಅಂತಸ್ತಿನ ಕಟ್ಟಡದ ಖರೀದಿ. ಎಪ್ಪತ್ತರ ದಶಕದಿಂದ ಟೆಕ್ಸಾಸಿನ ಮಾರ್ಫಾ ಎಂಬ ಸಣ್ಣ ಊರಿನಲ್ಲಿ ಕೆಲಸ. ಅಲ್ಲಿ ಎಣಿಕೆ ಸುಲಭವಾಗಿ ತಪ್ಪುತ್ತದೆ. ಹಳೆಯ ಫಿರಂಗಿ ಶೆಡ್‌ಗಳೆರಡರಲ್ಲಿ 1982–86ರ 100 ಅಲ್ಯೂಮಿನಿಯಂ ಪೆಟ್ಟಿಗೆಗಳಿವೆ: ಹೊರ ಅಳತೆ ಎಲ್ಲಕ್ಕೂ 41 × 51 × 72 ಇಂಚು, ಒಳರಚನೆ ಒಂದೊಂದರದೂ ಬೇರೆ. ಬಯಲಿನಲ್ಲಿರುವ 1980–84ರ ಕಾಂಕ್ರೀಟ್ ಕೃತಿಗಳು 15, ಆದರೆ ಬಿಡಿಭಾಗಗಳು ಅದಕ್ಕಿಂತ ಹೆಚ್ಚು, ಒಂದೊಂದೂ 2.5 × 2.5 × 5 ಮೀಟರ್, ಹಲಗೆಯ ದಪ್ಪ 25 ಸೆಂಟಿಮೀಟರ್. ಕೃತಿಗಳಿಗೆ ಒಂದು ಕಾಲಂ, ಬಿಡಿಭಾಗಗಳಿಗೆ ಇನ್ನೊಂದು ಕಾಲಂ ಹಾಕಿಕೊಳ್ಳಿ.